ಅರ್ಧ ಜೋಡಿಸಿಟ್ಟ ಪಜಲ್: ನನ್ನ ಅನುಭವ

ಹಿರಿಯರ ಹಗಲು ಕೇಂದ್ರದಲ್ಲಿ ಪಜಲ್ ಆಡಿಸ್ತೀನಿ ಅಂದಾಗ ಜೊತೆಯವರು ನಕ್ಕಿದ್ದರು. "ಎರಡು ದಿನ ಆಡಿ ಬಿಡ್ತಾರೆ, ನೋಡ್ತಿರಿ" ಅಂದರು. ಮೊದಲ ಆರು ತಿಂಗಳು ಅವರ ಮಾತೂ ಸುಳ್ಳಾಯಿತು, ಯಾಕೆಂದರೆ ಎರಡನೇ ದಿನಕ್ಕೆ ಯಾರೂ ಬರಲೇ ಇಲ್ಲ. ಈಗ ಎರಡು ವರ್ಷದ ಮೇಲಾಗಿದೆ. ಹದಿನೆಂಟೋ ಇಪ್ಪತ್ತೋ ಜನರಲ್ಲಿ ಹದಿನಾಲ್ಕು ಮಂದಿ ಯಾರೂ ಕರೆಯದೆ ತಾವೇ ಬಂದು ಮೇಜಿಗೆ ಕೂರುತ್ತಾರೆ. ನಕ್ಕವರು ಈಗ ಏನೇನು ಆಡಿಸ್ತೀರಿ ಅಂತ ಪಟ್ಟಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಳು ಮಾಡಿದ ಕಥೆ. ಜಿಗ್‌ಸಾ, ಅಂದರೆ ತುಂಡು ಕೂಡಿಸಿ ಚಿತ್ರ ಮಾಡುವ ಪಜಲ್, 500 ತುಂಡಿನದು ಐದು ಡಬ್ಬ ತಂದೆ. ಸುಲಭದ್ದು ಕೊಟ್ಟರೆ ಬೇಜಾರು ಮಾಡಿಕೊಳ್ತಾರೆ ಅನ್ನೋದು ನನ್ನ ಲೆಕ್ಕ. ಡಬ್ಬ ಸುರಿದೆ. ಒಬ್ಬ ಅಜ್ಜಿ ಆ ರಾಶಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನಂಗೆ ತಲೆನೋವು ಕಣಪ್ಪ" ಎಂದು ಎದ್ದುಹೋದರು. ಸರಿ ಅಂತ ಉಲ್ಟಾ ಹೊಡೆದು 12 ತುಂಡಿನ ಕಾರ್ಟೂನ್ ಪಜಲ್ ತಂದೆ. ಅದು ಇನ್ನೂ ಕೆಟ್ಟಿತು. ನಿವೃತ್ತ ಮೇಷ್ಟ್ರೊಬ್ಬರು ಕೈಲಿ ಹಿಡಿದು ನೋಡಿ "ಇದನ್ನ ನನ್ನ ಮೊಮ್ಮಗಳಿಗೆ ಕೊಡಿ" ಎಂದರು, ಒಂದು ವಾರ ನನ್ನ ಜೊತೆ ಮಾತಿಲ್ಲ.

ಮೂರನೇ ಪೆಟ್ಟು ಟ್ಯಾಬ್‌ನದು. ಅದಕ್ಕೆ ಸುಮಾರು ಎರಡು ತಿಂಗಳ ಸಂಬಳ ಸುರಿದಿದ್ದೆ. ವಯಸ್ಸಾದವರ ಬೆರಳತುದಿ ಒಣಗಿರುತ್ತದೆ, ಎಷ್ಟೋ ಸಲ ಪರದೆಗೆ ಅವರ ಸ್ಪರ್ಶವೇ ಗೊತ್ತಾಗಲ್ಲ. ಕೈ ನಡುಗುವವರಿಗೆ ಒಂದು ಸಲ ಒತ್ತಿದ್ದು ಮೂರು ಸಲ ಆಗುತ್ತದೆ. ಮೂಲೆಯಲ್ಲಿ ಸೆಕೆಂಡ್ ಎಣಿಸುವ ಗಡಿಯಾರ ಬೇರೆ. ಮೊದಲೇ ಮರೆವಿನ ಭಯ ಇರುವವರ ಮುಂದೆ ಗಡಿಯಾರ ಓಡಿಸಿದರೆ ಅವರು ಆಡ್ತಾರಾ? ಮಿದುಳು ಚುರುಕಾಗುತ್ತೆ ಅನ್ನೋ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕೂಡ ಕಟ್ಟಿದ್ದೆ. ಅಮೆರಿಕದಲ್ಲಿ 2016ರಲ್ಲಿ ಇಂಥದೇ ಒಂದು ಕಂಪನಿ ಜಾಹೀರಾತಿನಲ್ಲಿ ಅತಿಯಾಗಿ ಹೇಳಿಕೊಂಡಿದ್ದಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು ಅನ್ನೋದು ಚಂದಾ ಕಟ್ಟಿದ ಮೇಲೆ ಗೊತ್ತಾಯಿತು!

ಕೆಲಸಕ್ಕೆ ಬಂದದ್ದು ಒಂದು ಮರೆವು, ಅದೂ ನನ್ನದೇ. ಒಂದು ಸಂಜೆ ನಾನೇ ಜೋಡಿಸುತ್ತಿದ್ದ 100 ತುಂಡಿನದನ್ನು ತಟ್ಟೆಯಲ್ಲೇ ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಅದೇ ಮೇಷ್ಟ್ರು ನಿಂತುಕೊಂಡೇ ತುಂಡು ಕೂರಿಸುತ್ತಿದ್ದಾರೆ. ನಾನು ಮಾತಾಡಿಸಲಿಲ್ಲ. ಕುರ್ಚಿ ತಂದು ಹಿಂದೆ ಇಟ್ಟೆ, ಅಷ್ಟೇ.

ಅವತ್ತಿನಿಂದ ಖಾಲಿ ಮೇಜಿನ ಮೇಲೆ ಡಬ್ಬ ಸುರಿಯೋದೇ ಬಿಟ್ಟೆ. ಮುಕ್ಕಾಲಿಗಿಂತ ಹೆಚ್ಚು ಭಾಗ ನಾನೇ ಜೋಡಿಸಿ, ಅಂಚು ಪೂರ್ತಿ ಮುಗಿಸಿ, ಚಿತ್ರದಲ್ಲಿ ಕಣ್ಣು ಹೋಗುವ ಜಾಗ ಇರುತ್ತಲ್ಲ, ಮುಖವೋ ಬಾಗಿಲೋ, ಅಲ್ಲಿ ಹದಿನೈದು ತುಂಡಿನಷ್ಟು ಖಾಲಿ ಬಿಡ್ತೀನಿ. ಎರಡು ವಾರ ಬಿಟ್ಟು ಇಪ್ಪತ್ತೈದು, ಆಮೇಲೆ ಅರ್ಧ. ಚಿತ್ರದಲ್ಲಿ ದೊಡ್ಡ ಆಕಾಶ ಇದ್ದರೆ ಮುಟ್ಟಲೇಬೇಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿಯ ಛಾಯೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಹೊಳೆಯುವ ಕಾಗದವೂ ಬೇಡ. ತಟ್ಟೆಗೆ ಕಪ್ಪು ಬಟ್ಟೆ ಹಾಸಿದರೆ ತುಂಡು ಎದ್ದು ಕಾಣುತ್ತದೆ, ಜಾರುವುದೂ ಇಲ್ಲ.

ಒಂದು ತಟ್ಟೆಗೆ ಇಬ್ಬರು. ಯಾರ ಜೊತೆ ಯಾರು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬಿಚ್ಚಲ್ಲ. ಗಂಡ ಹೆಂಡತಿಯನ್ನು ಮಾತ್ರ ಒಟ್ಟಿಗೆ ಕೂರಿಸಬೇಡಿ. ಕೂರಿಸಿ ನೋಡಿದ್ದೇನೆ, ಸಾಕು.

ಈಗ ಡಬ್ಬ ಕೊಳ್ಳುವುದೂ ನಿಲ್ಲಿಸಿದ್ದೇನೆ. ಹಳೇ ಕ್ಯಾಲೆಂಡರ್ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ 35 ದೊಡ್ಡ ತುಂಡು ಕತ್ತರಿಸ್ತೀನಿ. ಮೊದಲ ನಾಲ್ಕೈದು ರಟ್ಟು ಹಪ್ಪಳದ ಹಾಗೆ ಸೊಟ್ಟಗಾದವು. ಹಿಂಬದಿಗೂ ಅಷ್ಟೇ ಕಾಗದ ಅಂಟಿಸಿ ರಾತ್ರಿಯಿಡೀ ಭಾರ ಇಟ್ಟ ಮೇಲೆ ನೆಟ್ಟಗಾಯಿತು. ಮೊದಲು ಒಂದು ಡಬ್ಬಕ್ಕೆ ಕೊಡುತ್ತಿದ್ದ ದುಡ್ಡಲ್ಲಿ ಈಗ ಎಂಟೊಂಬತ್ತು ಆಗುತ್ತವೆ.

ಚೌಕದ ಮನೆಗಳಲ್ಲಿ ಅಂಕಿ ತುಂಬುವ ಸುಡೋಕು ಕೂಡ ನೋಡಿದೆ. ಸಾಲಿಗೆ ಒಂಬತ್ತು ಮನೆಯದು ಕಂಡರೇ ಗಾಬರಿ, ನಾಲ್ಕು ಮನೆಯದು ಪರವಾಗಿಲ್ಲ. ಅಂಕಿ ಬದಲು ಬಣ್ಣದ ಗುಂಡಿ ಇಟ್ಟರೆ ಹೇಗೆ ಅಂತ ತಲೆ ಓಡಿಸಿದೆ. ಮರೆವು ಜಾಸ್ತಿ ಇದ್ದ ಒಬ್ಬರು ಗುಂಡಿಯನ್ನು ಬಾಯಿಗೆ ಹಾಕಿಕೊಂಡರು. ಪುಣ್ಯಕ್ಕೆ ಪಕ್ಕದಲ್ಲೇ ಇದ್ದೆ, ತೆಗೆಸಿದೆ. ಆ ಪ್ರಯೋಗ ಅವತ್ತೇ ಬಂದ್.

ಪದಬಂಧದ ಫಲ ನಾನು ಅಂದುಕೊಂಡಿರಲೇ ಇಲ್ಲ. ಮಾಮೂಲಿ ಅಳತೆಯಲ್ಲಿ ಅಚ್ಚಾದರೆ ಒತ್ತಕ್ಷರ ಬರೀ ಚುಕ್ಕೆಯಾಗಿ ಕಾಣುತ್ತೆ, ಹಾಗಾಗಿ ಎ3 ಹಾಳೆಗೆ ಹಿಗ್ಗಿಸಿದೆ. ಸುಳಿವಿನ ಬದಲು ಗಾದೆಯ ಅರ್ಧ ಬರೆದೆ. ಮೂರು ವಾರದಿಂದ ಹೂಂ, ಊಹೂಂ ಬಿಟ್ಟು ಬೇರೇನೂ ಮಾತಾಡದ ಅಜ್ಜ ಒಬ್ಬರು "ಹಾಸಿಗೆ ಇದ್ದಷ್ಟು" ಎಂದು ಓದುತ್ತಿದ್ದ ಹಾಗೇ "ಕಾಲು ಚಾಚು" ಅಂದುಬಿಟ್ಟರು.

ಪರಿಚಯದ ಡಾಕ್ಟರೊಬ್ಬರು "ಪಜಲ್ ಆಡಿದರೆ ಪಜಲ್‌ನಲ್ಲಿ ಮಾತ್ರ ಚುರುಕಾಗ್ತಾರೆ" ಅಂತಾರೆ. ಬಹುಪಾಲು ಒಪ್ಪುತ್ತೇನೆ. 2022ರಲ್ಲಿ ಬಂದ ಅಧ್ಯಯನವೊಂದರಲ್ಲಿ ಸ್ವಲ್ಪ ಮರೆವು ಶುರುವಾದ 107 ಜನರನ್ನು 78 ವಾರ ನೋಡಿದ್ದರು, ಪದಬಂಧ ಮಾಡಿದವರು ಕಂಪ್ಯೂಟರ್ ಆಟ ಆಡಿದವರಿಗಿಂತ ಕೊಂಚ ಮೇಲಿದ್ದರು. ಅದನ್ನು ಡಾಕ್ಟರಿಗೆ ತೋರಿಸಿದೆ, "ಸಣ್ಣ ಗುಂಪು" ಅಂದರು. ಅದೂ ನಿಜವೇ. ಮರೆವು ನಿಲ್ಲುತ್ತೆ ಅಂತ ನಾನು ಯಾವ ಮನೆಯವರಿಗೂ ಹೇಳಿಲ್ಲ. ನಾನು ಬರೆದಿಡೋ ಪುಸ್ತಕದಲ್ಲಿರೋದು ಬೇರೆ ಲೆಕ್ಕ. ಮೊದಲು ಏಳೆಂಟು ನಿಮಿಷ ಕೂರುತ್ತಿದ್ದವರು ಈಗ ನಲವತ್ತರ ಹತ್ತಿರ ಕೂರುತ್ತಾರೆ. ಸಂಜೆಯಾದರೆ ಮನೆಗೆ ಹೋಗಬೇಕು ಅಂತ ಬಾಗಿಲ ಹತ್ತಿರ ತಿರುಗಾಡುತ್ತಿದ್ದ ಐವರಲ್ಲಿ ಮೂವರು ಆ ಹೊತ್ತಿಗೆ ತಟ್ಟೆ ಮುಂದೆ ಇರುತ್ತಾರೆ. ತುಂಡಿನ ಕಾರಣಕ್ಕೋ ಪಕ್ಕದಲ್ಲಿ ಕೂತವರ ಕಾರಣಕ್ಕೋ, ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ದೃಷ್ಟಿ ತೀರಾ ಕಡಿಮೆ ಇರುವ ಇಬ್ಬರಿಗೆ ಮುಟ್ಟಿ ಜೋಡಿಸುವ ಮರದ ತುಂಡು ಮಾಡಿಸುತ್ತಿದ್ದೇನೆ. ಮೊದಲ ಸೆಟ್ ಅಂಚು ಚೂಪಾಗಿ ಬಂತು, ಉಜ್ಜಿ ಕೊಡಿ ಅಂತ ವಾಪಸ್ ಕಳಿಸಿದ್ದೇನೆ. ಮುಂಗಡ ಮಾತ್ರ ಆಗಲೇ ಕೊಟ್ಟಾಗಿದೆ.