ನೇವಾರಿ ಹಾಸ್ಯಕವಿಯ ಬಗ್ಗೆ ತುಮಕೂರಲ್ಲಿ ಉಪನ್ಯಾಸ: ತಯಾರಿ ಹೇಗೆ?

ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ನೇವಾರಿ ಎಂಬುದು ನೇಪಾಳಿಯ ಉಪಭಾಷೆಯಲ್ಲ. ಲಿಪಿ ದೇವನಾಗರಿಯಾದರೂ ಅದು ಟಿಬೆಟೊ-ಬರ್ಮನ್ ಕುಟುಂಬದ ನುಡಿ. ಅದನ್ನಾಡುವ ಕಠ್ಮಂಡು ಕಣಿವೆಯ ನೇವಾರರು ಅದನ್ನು ನೇಪಾಲ ಭಾಷಾ ಎನ್ನುತ್ತಾರೆ.

ಹೆಚ್ಚು ಎಡವುವುದು ಇಸವಿಯಲ್ಲಿ. ನೇವಾರರ ವರ್ಷಗಣನೆಯಾದ ನೇಪಾಲ ಸಂವತ್‌ನ ಹೊಸ ವರ್ಷ ಶುರುವಾಗುವುದು ನಮ್ಮ ಬಲಿಪಾಡ್ಯಮಿಯ ದಿನವೇ. ಕ್ರಿಸ್ತಶಕದ ಇಸವಿ ಬೇಕಿದ್ದರೆ, ಅಂದಿನಿಂದ ಡಿಸೆಂಬರ್ ಕೊನೆಯವರೆಗಿನ ದಿನಾಂಕವಾದರೆ ವರ್ಷಕ್ಕೆ 879 ಕೂಡಿಸಿ, ಜನವರಿಯಿಂದ ಮುಂದಕ್ಕೆ 880. ಪುಸ್ತಕದಲ್ಲಿ ನೇಪಾಳದ ಅಧಿಕೃತ ವರ್ಷಗಣನೆಯಾದ ವಿಕ್ರಮ ಸಂವತ್ ಇದ್ದರೆ ಏಪ್ರಿಲ್ ಮಧ್ಯದಿಂದ ಡಿಸೆಂಬರ್‌ವರೆಗೆ 57 ಕಳೆಯಿರಿ, ಉಳಿದ ತಿಂಗಳಿಗೆ 56. ಎರಡನ್ನೂ ಬೆರೆಸಿದರೆ ಕವಿಯ ಹುಟ್ಟಿದ ವರ್ಷವೇ ಕೆಡುತ್ತದೆ.

ಪದ್ಯವನ್ನು ಕನ್ನಡ ಲಿಪಿಗೆ ಇಳಿಸುವಾಗ ವಿಸರ್ಗದ ಮೇಲೆ ಕಣ್ಣಿಡಿ. ನೇವಾರಿಯಲ್ಲಿ ಅದು ಸ್ವರವನ್ನು ಎಳೆಯುವ ಗುರುತು. 'ನೇವಾಃ' ಎಂದಿದ್ದರೆ 'ನೇವಾಹ' ಅಲ್ಲ, 'ವಾ' ಎಳೆಯಬೇಕು.

ಹಾಸ್ಯಕ್ಕೆ ಹಿನ್ನೆಲೆ ಬೇಕು. ನೇಪಾಳವನ್ನು ಆಳಿದ ರಾಣಾ ಮನೆತನದ ಕಾಲದಲ್ಲಿ ಈ ಭಾಷೆಯಲ್ಲಿ ಬರೆಯುವುದೇ ಅಪರಾಧವಾಗಿತ್ತು. ನೇವಾರಿ ಕವಿ ಚಿತ್ತಧರ 'ಹೃದಯ' (1906–1982) ಬುದ್ಧನ ಕುರಿತ 19 ಸರ್ಗಗಳ ಮಹಾಕಾವ್ಯ ಬರೆದದ್ದು ಜೈಲಿನಲ್ಲಿ. ಗಾಯಿಜಾತ್ರೆ ಎಂಬ ಅಲ್ಲಿನ ಹಬ್ಬದಲ್ಲಿ ಅಧಿಕಾರಸ್ಥರನ್ನು ಗೇಲಿ ಮಾಡುವ ವಾಡಿಕೆಯನ್ನೂ ಹೇಳಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಅರ್ಧ ಗಂಟೆಗೆ ಮೂರೇ ಪದ್ಯ. ಮೂಲ ಓದಿ, ಪದಶಃ ಅರ್ಥ ಕೊಟ್ಟು, ಆಮೇಲೆ ಕನ್ನಡ ರೂಪ. ಶ್ಲೇಷೆ ಇರುವ ಪದ್ಯದಲ್ಲಿ ಮಾತ್ರ ಎರಡರ್ಥದ ಪದವನ್ನು ಮುಂಚೆಯೇ ಹಲಗೆಯ ಮೇಲೆ ಬರೆದಿಡಿ. ನಡುವೆ ನಿಲ್ಲಿಸಿ ವಿವರಿಸಿದರೆ ನಗು ಸತ್ತುಹೋಗುತ್ತದೆ. ಗ್ರಂಥಭಾಷೆ ಬೇಡ, 'ಏನ್ ಸ್ವಾಮಿ' ಎನ್ನುವ ಸಂತೆಯ ಮಾತಿಗೆ ತನ್ನಿ.