ಕೊಡಗಿಗೆ ಹೊಸದಾಗಿ ಬಂದವರಿಗೆ: ಬೆಳಗಿನ ತಿಂಡಿಯ ವಿಷಯ

ವರ್ಗವಾಗಿ ಬಂದವರು ಬಾಡಿಗೆ ಮನೆ, ಶಾಲೆ, ಗ್ಯಾಸ್ ಅಂತ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡುತ್ತಾರೆ. ತಿಂಡಿ ಬಗ್ಗೆ ಯಾರೂ ಕೇಳುವುದಿಲ್ಲ. ಮೊದಲ ಮಳೆಗಾಲದಲ್ಲಿ ನನ್ನನ್ನು ಅಳಿಸಿದ್ದು ಮಾತ್ರ ಅದೇ. ನಾನು ಹಾವೇರಿ ಕಡೆಯವಳು. ಮಡಿಕೇರಿಗೆ ಬಂದು 16 ವರ್ಷವಾಯಿತು.

ಹಿಟ್ಟು ಉಬ್ಬುವುದಿಲ್ಲ

ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಚಳಿ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಇಟ್ಟ ಹಾಗೇ ಇರುತ್ತದೆ. ಉದ್ದು ಹಳೆಯದಿರಬೇಕು ಅಂತ ನಾನು ಮೂರು ಅಂಗಡಿ ಬದಲಿಸಿದೆ. ತಪ್ಪು ಉದ್ದಿನದಲ್ಲ, ಚಳಿಯದು. ಮಧ್ಯಾಹ್ನವೇ ರುಬ್ಬಿ. ಸಂಜೆ ಕರೆಂಟು ಹೋದರೆ ರಾತ್ರಿವರೆಗೂ ಬರದೇ ಇರಬಹುದು. ನೆನೆಸುವಾಗ ಒಂದು ಚಮಚ ಮೆಂತ್ಯ, ರುಬ್ಬುವಾಗ ಒಂದು ಹಿಡಿ ಅವಲಕ್ಕಿ ಹಾಕಿ. ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಹಳೇ ಕಂಬಳಿ ಸುತ್ತಿ. ಬಚ್ಚಲ ಒಲೆ ಇದ್ದರೆ ಅದರ ಪಕ್ಕವೇ ಒಳ್ಳೆಯ ಜಾಗ.

ಊರಿಂದ ಜೋಳದ ಹಿಟ್ಟನ್ನು ಚೀಲಗಟ್ಟಲೆ ಹೊತ್ತು ತರಬೇಡಿ. ನಾನು 20 ಕಿಲೋ ತಂದಿದ್ದೆ. ಜುಲೈಗೆ ಮುಗ್ಗು ವಾಸನೆ, ಕಹಿ. ಎಲ್ಲಾ ಚೆಲ್ಲಿದೆ. ಎರಡು ಕಿಲೋ ಸಾಕು, ಅದೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಮಂಡಕ್ಕಿಯಂತೂ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಸುಸಲಾ ಆಸೆ ಬೇಸಿಗೆಗೆ ಇಟ್ಟುಕೊಳ್ಳಿ.

ಹೀಗಾಗಿ ಇಲ್ಲಿನವರು ಹುದುಗು ಬರಿಸದೆ ಮಾಡುವ ತಿಂಡಿಗಳನ್ನು ನೀವೂ ಕಲಿಯಿರಿ. ಒಟ್ಟಿ ಅಂದರೆ ಈರುಳ್ಳಿ, ಸಬ್ಬಸಿಗೆ ಹಾಕಿದ ಅಕ್ಕಿ ರೊಟ್ಟಿ ಅಲ್ಲ. ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ಚೆನ್ನಾಗಿ ನಾದಿ, ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡಕ್ಕೆ ಹಿಡಿಯುತ್ತಾರೆ. ಪೂರಿಯ ಹಾಗೆ ಉಬ್ಬುತ್ತದೆ. ರಾತ್ರಿಯ ಅನ್ನ ಉಳಿದಿದ್ದರೆ ಇನ್ನೂ ಒಳ್ಳೆಯದು. ಬೆಣ್ಣೆ, ಜೇನು ಅಥವಾ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಜೊತೆಗೆ ತಿನ್ನಿ. ಅಕ್ಕಿ ತರಿಯಿಂದ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಕಡಂಬುಟ್ಟು. ತರಿಗೆ ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ನೂಪುಟ್ಟು ನಮ್ಮ ಒತ್ತು ಶ್ಯಾವಿಗೆಯ ಹತ್ತಿರದ ನೆಂಟ. ತರಿ ಮನೆಯಲ್ಲಿ ಒಡೆಯಬೇಕಿಲ್ಲ, ಅಂಗಡಿಯಲ್ಲೇ ಸಿಗುತ್ತದೆ.

ಯಾರಾದರೂ ತಿಂಡಿಗೆ ಕರೆದಾಗ

ಇದನ್ನು ದಯವಿಟ್ಟು ಎರಡು ಸಲ ಓದಿ.

ಬಂದ ಮೊದಲ ತಿಂಗಳು ಮನೆ ಮಾಲೀಕರು ಭಾನುವಾರ ಬೆಳಿಗ್ಗೆ ಕರೆದರು. ಅವರಿಗೆ ಕಡಂಬುಟ್ಟು, ಪಂದಿ ಕರಿ. ನಮಗೆ ಒಟ್ಟಿ, ಕುಂಬಳಕಾಯಿ ಕರಿ. ನಾವು ಮಾಂಸ ತಿನ್ನುವವರಲ್ಲ. ಎಲ್ಲರ ಎದುರಿಗೆ ನಾನು "ಸೌಟು ಬೇರೆ ಇಟ್ಟಿದ್ದೀರಾ?" ಅಂದೆ. ಆ ಮನೆಯ ಅಜ್ಜಿ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಆಮೇಲೆ ಗೊತ್ತಾಯಿತು: ನಸುಕಿನಲ್ಲೇ ಎದ್ದು, ಬೇರೆ ಪಾತ್ರೆಯಲ್ಲಿ ನಮ್ಮ ಅಡುಗೆಯನ್ನೇ ಅವರು ಮೊದಲು ಮುಗಿಸಿದ್ದರಂತೆ. ಅವರ ಹತ್ತಿರ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ನೀವು ಏನು ತಿನ್ನುವುದಿಲ್ಲ ಅನ್ನುವುದನ್ನು ಕರೆದ ದಿನವೇ ಹೇಳಿ. ಫೋನಿನಲ್ಲಿ ಹೇಳಿದರೂ ಸಾಕು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತಟ್ಟೆ ಮುಂದೆ ಕೂತು ಕೇಳಬೇಡಿ. ಮೂಗು ಮುಚ್ಚಬೇಡಿ. ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಕರೆದುಕೊಂಡು ಹೋಗಿ. ಬೆಲ್ಲದ ಕರಿಕಾಫಿ ಕೊಟ್ಟರೆ ಕುಡಿಯಿರಿ, ಹಾಲು ಕೇಳಬೇಡಿ.

ಇನ್ನೊಂದು ಮಾತು. "ಇಲ್ಲಿ ಬರೀ ಮಾಂಸ ರೀ" ಅಂತ ಊರಿಗೆ ಫೋನ್ ಮಾಡಿ ಹೇಳುವವರಿದ್ದಾರೆ. ಹಾಗೆ ಹೇಳುವುದು ತಪ್ಪು. ಮಳೆಗಾಲದ ಅಣಬೆಯ ಕುಮ್ಮು ಕರಿ, ಕೆಸುವಿನ ಕರಿ, ಕಳಲೆಯ (ಎಳೆ ಬಿದಿರಿನ) ಬೈಂಬಳೆ ಕರಿ, ಇವೆಲ್ಲ ಏನು ಮತ್ತೆ? ತುಲಾ ಸಂಕ್ರಮಣದಂದು, ಅಕ್ಟೋಬರ್ 17ರ ಹೊತ್ತಿಗೆ, ಕಾವೇರಿಯ ಹಬ್ಬ. ಆ ದಿನ ಕೊಡವರ ಮನೆಯಲ್ಲಿ ಮಾಂಸವಿಲ್ಲ. ದೋಸೆ, ಕುಂಬಳಕಾಯಿ ಕರಿ ಮಾಡುತ್ತಾರೆ.

ಎರಡು ಎಚ್ಚರಿಕೆ: ಕಾಡಿನ ಅಣಬೆಯನ್ನು ನೀವೇ ಕಿತ್ತು ತಂದು ಬೇಯಿಸಬೇಡಿ. ಹಸಿ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸದೆ ತಿನ್ನಬೇಡಿ. ಹಸಿಯದರಲ್ಲಿ ವಿಷದ ಅಂಶವಿರುತ್ತದೆ.

ಕಕ್ಕಡ 18

ಕೊಡವರ ಕಕ್ಕಡ ತಿಂಗಳ 18ನೇ ದಿನ ಇದು, ಆಗಸ್ಟ್ 3ರ ಆಸುಪಾಸು ಬರುತ್ತದೆ. ಅಂದು ಮದ್ದುಸೊಪ್ಪಿನ ರಸದಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ. ಗಾಢ ನೇರಳೆ ಬಣ್ಣ. ಅಕ್ಕಪಕ್ಕದವರು ತಂದುಕೊಡುತ್ತಾರೆ, ಖುಷಿಯಿಂದ ತಿನ್ನಿ. ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ರಕ್ತವಲ್ಲ. ನಮಗೆ ಯಾರೂ ಇದನ್ನು ಹೇಳಿರಲಿಲ್ಲ. ಐದು ವರ್ಷದ ಮಗನನ್ನು ಎತ್ತಿಕೊಂಡು ಸುರಿವ ಮಳೆಯಲ್ಲಿ ಡಾಕ್ಟರ ಹತ್ತಿರ ಓಡಿದ್ದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ "ಮದ್ದುಸೊಪ್ಪು ತಿಂದಿದ್ದಾನಾ?"

ಬೇರೆ ಮನೆಗಳಲ್ಲಿ

ಮಲಯಾಳ ಮಾತಾಡುವವರಲ್ಲಿ: ಪುಟ್ಟು–ಕಡಲೆ, ಪತ್ತಿರಿ (ತೆಳ್ಳನೆಯ ಅಕ್ಕಿ ರೊಟ್ಟಿ), ಅಪ್ಪಂ.

ತುಳು ಕಡೆಯವರಲ್ಲಿ: ನೀರುದೋಸೆ, ಬನ್ಸ್.

ಕುಶಾಲನಗರದಲ್ಲಿ ಕೆಲಸವಿದ್ದರೆ ಟಿಬೆಟಿಯನ್ನರ ಪರಿಚಯ ಆಗೇ ಆಗುತ್ತದೆ. ಅವರ ಬೈಲಕುಪ್ಪೆ ಕಾವೇರಿ ಹೊಳೆಯ ಆಚೆ, ಮೈಸೂರು ಜಿಲ್ಲೆಗೆ ಸೇರಿದ್ದು. 1961ರ ಹೊತ್ತಿಗೆ ಬಂದು ನೆಲೆಸಿದವರು. ಅವರ ಚಹಾಕ್ಕೆ ಬೆಣ್ಣೆ, ಉಪ್ಪು ಹಾಕುತ್ತಾರೆ. ಸಿಹಿ ಅಂದುಕೊಂಡು ಗುಟುಕು ಹೀರಬೇಡಿ, ಸಾರು ಅಂದುಕೊಂಡು ಕುಡಿಯಿರಿ. ಹುರಿದ ಬಾರ್ಲಿ ಹಿಟ್ಟನ್ನು ಅದೇ ಚಹಾದಲ್ಲಿ ಕಲಸಿ ಉಂಡೆ ಮಾಡುತ್ತಾರೆ, ಹೆಸರು ತ್ಸಂಪಾ. ನಮ್ಮ ರಾಗಿ ಹುರಿಹಿಟ್ಟು ನೆನಪಾಗುತ್ತದೆ.

ತಂದುಕೊಳ್ಳಬೇಕಾದ್ದು

ಗಟ್ಟಿ ಮುಚ್ಚಳದ ಡಬ್ಬಿಗಳು, ಶ್ಯಾವಿಗೆ ಒರಳು, ಬ್ಯಾಟರಿ ದೀಪ, ಶೇಂಗಾ ಚಟ್ನಿಪುಡಿ. ಕಾಫಿಪುಡಿ ಬೇಡ, ಕಾಫಿಯ ನಾಡಿಗೇ ಬಂದಿದ್ದೀರಿ. ತರಕಾರಿಗೆ ಮಡಿಕೇರಿಯ ಶುಕ್ರವಾರದ ಸಂತೆ.

ನವೆಂಬರ್ 1ರ ಬೆಳಿಗ್ಗೆ ಧ್ವಜ ಏರಿಸಿದ ಮೇಲೆ ಸಂಘದಲ್ಲಿ ಎಲ್ಲರ ಮನೆಯ ತಿಂಡಿಯೂ ಇರುತ್ತದೆ. ನೂಪುಟ್ಟಿನ ಪಕ್ಕ ನಮ್ಮ ಕಡೆಯ ಒಗ್ಗರಣೆ ಅವಲಕ್ಕಿ ಇರುವುದನ್ನು ನೋಡಿದರೆ ನನಗೆ ಈಗಲೂ ಹೆಮ್ಮೆ. ಹತ್ತು ಜನಕ್ಕಾಗುವಷ್ಟು ನೀವೂ ತನ್ನಿ. ತಿಂಡಿಯ ಹೆಸರು, ಸಸ್ಯಾಹಾರವೋ ಮಾಂಸಾಹಾರವೋ ಅನ್ನುವುದನ್ನು ಚೀಟಿಯಲ್ಲಿ ಬರೆದು ಪಾತ್ರೆಗೆ ಅಂಟಿಸಿ. ಸೌಟು ನಿಮ್ಮದೇ ಇರಲಿ.