ಕಾಸರಗೋಡಿನಿಂದ ಸ್ಪಿತಿಗೆ: ಶಿಮ್ಲಾ ಕಡೆಯಿಂದ ಹತ್ತಿ, ಮನಾಲಿಗೆ ಇಳಿಯಿರಿ

ನಾವು ಹುಟ್ಟಿ ಬೆಳೆದದ್ದು ಕಡಲ ಮಟ್ಟದಲ್ಲಿ. ಚಾರಣದ ಅಭ್ಯಾಸ ಇರುವವರೂ ಹೆಚ್ಚೆಂದರೆ ಕುದುರೆಮುಖದ 1,894 ಮೀಟರ್ ಹತ್ತಿರುತ್ತಾರೆ. ಶಿಮ್ಲಾ ಪೇಟೆಯೇ ಅದಕ್ಕಿಂತ ಎತ್ತರ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಮುಖ್ಯ ಪೇಟೆ ಕಾಜಾ 3,600 ಮೀಟರಿಗೂ ಮೇಲೆ, ಅಲ್ಲಿಂದ ಅರ್ಧ ದಿನದ ಸುತ್ತಾಟಕ್ಕೆ ಹೋಗುವ ಕೋಮಿಕ್ ಹಳ್ಳಿ 4,500 ಮೀಟರ್ ದಾಟಿದೆ. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಕಾಸರಗೋಡಿನಲ್ಲಿರುವುದರ ನೂರಕ್ಕೆ 57ರಷ್ಟು ಮಾತ್ರ. ಹಾಗಾಗಿ ಗಾಡಿ, ಹೋಟೆಲು ಗೊತ್ತುಮಾಡುವ ಮೊದಲು ಯಾವ ಕಡೆಯಿಂದ ಹತ್ತುವುದೆಂದು ತೀರ್ಮಾನಿಸಿ.

ದಾರಿ ಎರಡೇ. ಒಂದು, ಶಿಮ್ಲಾದಿಂದ ಸಟ್ಲೆಜ್ ನದಿಯ ಗುಂಟ ರಾಂಪುರ, ಕಿನ್ನೌರದ ಕಲ್ಪಾ, ನಾಕೋ, ತಾಬೋ ಮೂಲಕ ಕಾಜಾಕ್ಕೆ. ಇನ್ನೊಂದು, ಮನಾಲಿಯಿಂದ ಅಟಲ್ ಸುರಂಗ ದಾಟಿ ಗ್ರಾಂಫೂ, ಛತ್ರು, ಬಾತಲ್, ಕುಂಜುಂ ಕಣಿವೆದಾರಿ, ಲೋಸರ್ ಮೂಲಕ. ಮನಾಲಿಯ ದಾರಿ ಹತ್ತಿರ, ಒಂದೇ ದಿನದಲ್ಲಿ ಮುಟ್ಟಿಸುತ್ತದೆ. ತೊಂದರೆ ಇರುವುದೂ ಅಲ್ಲೇ. ಸುಮಾರು 2,000 ಮೀಟರಿನ ಮನಾಲಿಯಲ್ಲಿ ಬೆಳಗ್ಗೆ ಚಾ ಕುಡಿದು ಹೊರಟವರು ರಾತ್ರಿ 4,250 ಮೀಟರಿನ ಚಂದ್ರತಾಲ್ ಸರೋವರದ ಕಡೆಯ ಕ್ಯಾಂಪಿನಲ್ಲಿ ಮಲಗುತ್ತಾರೆ. ಮಧ್ಯರಾತ್ರಿ ತಲೆ ಸಿಡಿಯತೊಡಗುತ್ತದೆ, ವಾಂತಿಯಾಗುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ಪುರುಸೊತ್ತೇ ಸಿಕ್ಕಿರುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಲೆಕ್ಕ. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ. ಶಿಮ್ಲಾ ದಾರಿ ಈ ಲೆಕ್ಕಕ್ಕೆ ತಾನಾಗಿ ಹೊಂದುತ್ತದೆ.

ಯಾವಾಗ ಹೋಗುವುದು

ನಮ್ಮ ಶಾಲೆಗಳ ರಜೆಗೂ ಸ್ಪಿತಿಯ ದಾರಿಗೂ ಸರಿಯಾಗಿ ಕೂಡಿಬರುವುದಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ಕುಂಜುಂ ಇನ್ನೂ ಹಿಮದಡಿ ಮುಚ್ಚಿರುತ್ತದೆ. ಆಗ ಹೋಗುವುದಾದರೆ ಶಿಮ್ಲಾ ದಾರಿಯಲ್ಲೇ ಹೋಗಿ ಅದರಲ್ಲೇ ಮರಳಬೇಕು. ಕುಂಜುಂ ದಾರಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ನಡುವೆ ತೆರೆದಿರುತ್ತದೆ.

ಓಣಂ ರಜೆಯಲ್ಲಿ ಹೋಗೋಣ ಎನ್ನುವವರೇ ಹೆಚ್ಚು. ಸ್ಪಿತಿ ಮಳೆನೆರಳಿನ ನಾಡು, ಅಲ್ಲಿ ಮಳೆ ಅಪರೂಪ, ನಿಜ. ಆದರೆ ಅಲ್ಲಿಗೆ ಮುಟ್ಟಲು ದಾಟಬೇಕಾದ ಕಿನ್ನೌರ, ಮನಾಲಿಗಳಲ್ಲಿ ಆಗ ಮಳೆಗಾಲ. 2021ರ ಆಗಸ್ಟಿನಲ್ಲಿ ಕಿನ್ನೌರದ ನಿಗುಲ್ಸರಿಯಲ್ಲಿ ಗುಡ್ಡ ಜರಿದು ಬಸ್ಸೊಂದು ಮಣ್ಣಿನಡಿ ಸಿಕ್ಕಿ ಬಹಳ ಮಂದಿ ತೀರಿಕೊಂಡರು. ಜುಲೈ, ಆಗಸ್ಟ್ ಬಿಟ್ಟುಬಿಡಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಎಲ್ಲಕ್ಕಿಂತ ಒಳ್ಳೆಯ ಕಾಲ. ನವರಾತ್ರಿಯ ರಜೆಗೆ ನಾಲ್ಕಾರು ದಿನ ಸೇರಿಸಿಕೊಂಡರೆ ಸಾಕಾಗುತ್ತದೆ.

ರೈಲಿನವರಿಗೆ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ನೇರ ದೆಹಲಿಯ ನಿಜಾಮುದ್ದೀನಿಗೆ. ಕೇರಳ ಸಂಪರ್ಕಕ್ರಾಂತಿ ಚಂಡೀಗಢಕ್ಕೇ ಹೋಗುತ್ತದೆ, ಮಂಗಳೂರು ಜಂಕ್ಷನ್‌ನಲ್ಲಿ ಹತ್ತಬಹುದು. ಬುಕ್ಕಿಂಗ್ 60 ದಿನ ಮೊದಲು ತೆರೆಯುತ್ತದೆ. ಕೊಂಕಣ ದಾರಿಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇದೆ, ಹಾಗಾಗಿ ಹೋಗುವಾಗಿನ ಸಮಯವೇ ಬರುವಾಗಲೂ ಇರುತ್ತದೆ ಎಂದುಕೊಳ್ಳಬೇಡಿ.

ಟ್ರಿಪ್ ನಡೆಸುವವರಲ್ಲಿ ಕೇಳಬೇಕಾದ್ದು

ಊಟ, ಕೋಣೆಯ ವಿಷಯ ಎಲ್ಲರೂ ಕೇಳುತ್ತಾರೆ. ನೀವು ಮೊದಲು ಕೇಳಬೇಕಾದ್ದು ಇದು: ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ಉಸಿರು ಕಟ್ಟಿದರೆ ಯಾವ ಗಾಡಿ, ಯಾವ ಡ್ರೈವರ್, ಎಲ್ಲಿಗೆ ಇಳಿಸುತ್ತೀರಿ? ಇದಕ್ಕೆ ತಡವರಿಸದೆ ಉತ್ತರ ಕೊಡುವವರ ಜೊತೆ ಹೋಗಿ. ಗಾಡಿ ಪ್ರತಿ ರಾತ್ರಿ ನೀವು ಉಳಿಯುವಲ್ಲೇ ಇರಬೇಕು, ಡ್ರೈವರ್ ಕುಡಿದಿರಬಾರದು. ದಿನಾ ಸಂಜೆ ಪ್ರತಿಯೊಬ್ಬರ ತಲೆನೋವು, ಹಸಿವು, ನಿದ್ದೆ ವಿಚಾರಿಸುವುದು ಗೈಡ್‌ನ ಕೆಲಸ. ದಾರಿ ಮುಚ್ಚಿ ಒಂದು ದಿನ ಹೆಚ್ಚು ಉಳಿಯಬೇಕಾದರೆ ಅದರ ಖರ್ಚು ಯಾರದೆಂದು ಬರೆಸಿಕೊಳ್ಳಿ.

ಗಾಡಿ ಹಿಮಾಚಲ ನೋಂದಣಿಯ ಹಳದಿ ಬೋರ್ಡಿನದ್ದಾಗಿರಲಿ, ಡ್ರೈವರ್ ಆ ದಾರಿಯಲ್ಲಿ ಓಡಿಸಿದವನಾಗಿರಲಿ. ಹತ್ತು-ಹನ್ನೆರಡು ಮಂದಿ ಇದ್ದರೆ ಟೆಂಪೋ ಟ್ರಾವೆಲರ್ ಕಾಜಾದವರೆಗೆ ನಡೆಯುತ್ತದೆ. ಕುಂಜುಂ ಇಳಿದ ಮೇಲಿನ ಕಲ್ಲುದಾರಿಯಲ್ಲಿ ಅದರ ಹಿಂಬದಿಯ ಉದ್ದ ಬಾಲ ಹೊಂಡದಿಂದ ಏಳುವಾಗ ಕಲ್ಲಿಗೆ ತಾಗುತ್ತದೆ. ಅಲ್ಲಿಗೆ ನೆಲದಿಂದ ಎತ್ತರವಿರುವ ಎರಡು ಚಿಕ್ಕ ಗಾಡಿಗಳೇ ಮೇಲು, ಒಂದು ಕೆಟ್ಟರೆ ಇನ್ನೊಂದು ಜೊತೆಗಿರುತ್ತದೆ. ಇನ್ನೋವಾದಂಥ ಗಾಡಿಯಲ್ಲಿ ಡ್ರೈವರ್ ಬಿಟ್ಟು ಐದು ಮಂದಿ ಸಾಕು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕಿ, ಎಳೆಯುವ ಹಗ್ಗ ಇವೆಯೇ ಎಂದು ಶಿಮ್ಲಾದಲ್ಲೇ ನೋಡಿ. ಕಲ್ಪಾದ ಕೆಳಗಿನ ಪೇಟೆ ರೆಕಾಂಗ್ ಪಿಯೊ ಬಿಟ್ಟ ಮೇಲೆ ಪೆಟ್ರೋಲ್ ಬಂಕ್ ಕಾಜಾದಲ್ಲಿ ಒಂದೇ ಎಂದು ತಿಳಿದು ಟ್ಯಾಂಕ್ ತುಂಬಿಸಿಕೊಳ್ಳಬೇಕು. ಭಾರತೀಯರಿಗೆ ಸ್ಪಿತಿಗೆ ಪರ್ಮಿಟ್ ಬೇಡ, ಆಧಾರ್ ಕಾರ್ಡ್ ಕೈಯಲ್ಲಿರಲಿ.

ಮದ್ದು, ಆಕ್ಸಿಜನ್, ಮೈಯ ಗುರುತುಗಳು

ಹೊರಡುವ ಮೂರು ವಾರ ಮೊದಲು ನಿಮ್ಮ ಡಾಕ್ಟರರನ್ನು ಕಾಣಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಬಿಪಿ, ಶುಗರ್ ಮಾತ್ರೆಯವರು, ಗರ್ಭಿಣಿಯರು ಕಾಣದೆ ಹೊರಡಲೇಬಾರದು. ಎತ್ತರದ ಕಾಯಿಲೆ ಬಾರದಂತೆ ಸಾಮಾನ್ಯವಾಗಿ ಕೊಡುವುದು ಅಸಿಟಜೋಲಮೈಡ್, ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ದೊಡ್ಡವರಿಗೆ 125 ಮಿಲಿಗ್ರಾಂ, ಬೆಳಗ್ಗೆ ಒಂದು, ಸಂಜೆ ಒಂದು, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇಪದೇ ಮೂತ್ರ ಬರುತ್ತದೆ, ಗಾಬರಿ ಬೇಡ. ಸಲ್ಫಾ ಮದ್ದು ಆಗದವರು ಅದನ್ನು ಡಾಕ್ಟರರಲ್ಲಿ ಹೇಳಲೇಬೇಕು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದು ಗುಂಪಿಗೆ ಒಂದು ಸಾಕು. ಊರಿನಲ್ಲಿ 98 ತೋರಿಸುತ್ತಿದ್ದದ್ದು ಕಾಜಾದಲ್ಲಿ 88-90 ಆಗುವುದು ಸಹಜ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ, ಬೆರಳಿಗೆ ಮದರಂಗಿ ಇದ್ದರೆ ತಪ್ಪು ತೋರಿಸುವುದುಂಟು. ಆದ್ದರಿಂದ ಅಂಕಿಗಿಂತ ಮೈಯನ್ನು ನಂಬಿ. ಬರೀ ತಲೆನೋವಿಗೆ ವಿಶ್ರಾಂತಿ, ನೀರು, ಪ್ಯಾರಸಿಟಮಾಲ್ ಸಾಕು. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಸೇರಿತೆಂದರೆ ಅಂದು ಇನ್ನೂ ಮೇಲಕ್ಕೆ ಹೋಗಬಾರದು. ಒಂದು ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ಓಲಾಡಿದರೆ, ಮಾತು ತಪ್ಪಿದರೆ ಮಿದುಳಿನಲ್ಲಿ ಊತ ಬಂದಿದೆ ಎಂದೇ ತಿಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇದು ಹೆಚ್ಚಾಗಿ ಎರಡನೆಯ ರಾತ್ರಿಯಿಂದ ಕಾಣಿಸುತ್ತದೆ. ಎರಡಕ್ಕೂ ಬೆಳಗಾಗುವುದನ್ನು ಕಾಯಬಾರದು: ಆಕ್ಸಿಜನ್ ಹಚ್ಚಿ, ಇಳಿಸಿ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಚಂದ್ರತಾಲ್‌ನಿಂದಾದರೆ ಬಾತಲ್, ಛತ್ರು ದಾಟಿ ಕೋಕ್ಸರಿನ ಕಡೆಗೆ ಇಳಿಸಬೇಕು.

ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಡಬ್ಬಿಯನ್ನು ನೆಚ್ಚಬೇಡಿ. 10 ಲೀಟರಿನ ಡಬ್ಬಿ ನಿಮಿಷಕ್ಕೆ 2 ಲೀಟರಿನಂತೆ ಐದೇ ನಿಮಿಷ. ಅದೇ 1,500 ಲೀಟರ್ ಅನಿಲ ಹಿಡಿಯುವ ಸಿಲಿಂಡರ್ 12 ಗಂಟೆ ಬರುತ್ತದೆ. ಗಾಡಿಯಲ್ಲಿ ಅಂಥ ಸಿಲಿಂಡರ್, ಅನಿಲದ ಹರಿವು ತೋರಿಸುವ ಅದರ ಮೀಟರ್, ಮಾಸ್ಕ್ ಮೂರೂ ಇರಬೇಕು. ಮೀಟರ್ ಜೋಡಿಸಲು ಬರುತ್ತದೆಯೇ ಎಂದು ಗೈಡ್‌ನಿಂದ ಒಮ್ಮೆ ಮಾಡಿಸಿಯೇ ನೋಡಿ.

ನಮ್ಮ ಸೆಕೆಯಲ್ಲಿ ಬೆವರು ಹರಿಯುವುದು ಕಾಣುತ್ತದೆ. ಅಲ್ಲಿಯ ಒಣಗಾಳಿಯಲ್ಲಿ ಮೈಯ ನೀರು ಹೋಗುವುದೇ ತಿಳಿಯುವುದಿಲ್ಲ. ದಿನಕ್ಕೆ ಮೂರು ಲೀಟರ್ ನೀರು ಲೆಕ್ಕ ಇಟ್ಟು ಕುಡಿಯಿರಿ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಕಾಣಿಸುತ್ತದೆ, ವ್ಯಾಸಲೀನ್ ಸವರಿ. ಮೊದಲ ಮೂರು ದಿನ ಮದ್ಯ, ನಿದ್ದೆ ಮಾತ್ರೆ ಬೇಡ.

ಚೀಲಕ್ಕೆ ಏನು

ಒಳಗೆ ಥರ್ಮಲ್, ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್. ದಪ್ಪ ಸ್ವೆಟರ್ ಒಂದಕ್ಕಿಂತ ಈ ಮೂರು ಪದರ ಒಳ್ಳೆಯದು, ಮಧ್ಯಾಹ್ನದ ಬಿಸಿಲಿಗೆ ಒಂದೊಂದೇ ಕಳಚಬಹುದು. ಉಣ್ಣೆ ಸಾಕ್ಸ್ ನಾಲ್ಕು ಜೊತೆ, ಕಿವಿ ಮುಚ್ಚುವ ಟೊಪ್ಪಿ, ತಂಪು ಕನ್ನಡಕ, ಟಾರ್ಚ್. ನಮ್ಮ ತೆಳ್ಳನೆಯ ಬೈರಾಸು ಅಲ್ಲಿಗೆ ಬಹಳ ಒಳ್ಳೆಯದು, ಕೂಡಲೇ ಒಣಗುತ್ತದೆ, ಧೂಳಿಗೆ ಮೂಗಿಗೂ ಕಟ್ಟಿಕೊಳ್ಳಬಹುದು.

ತೆಂಗಿನೆಣ್ಣೆಯನ್ನು ಸಪೂರ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಕಾಜಾದಲ್ಲಿ ಕಲ್ಲೇ. ಬೆರಳು ಹೋಗುವ ಅಗಲ ಬಾಯಿಯ ಡಬ್ಬಿಗೆ ತುಂಬಿಸಿ. ಕುಚ್ಚಿಲಕ್ಕಿ ಒಯ್ದು ಗಂಜಿ ಬೇಯಿಸಿಕೊಳ್ಳುತ್ತೇವೆ ಎಂಬ ಆಸೆಯನ್ನು ಬಿಡಿ. ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅದು ಎಷ್ಟು ಹೊತ್ತಿಗೂ ಸರಿಯಾಗಿ ಬೇಯುವುದಿಲ್ಲ. ಕೊತ್ತಂಬರಿ-ಜೀರಿಗೆಯ ಕಷಾಯಪುಡಿ, ಬೆಲ್ಲ, ಮಾಂಬಳ, ಮಿಡಿ ಉಪ್ಪಿನಕಾಯಿ ಒಯ್ಯಿರಿ. ಹಸಿವೇ ಇಲ್ಲದ ಮೊದಲ ದಿನ ಬಿಸಿ ಕಷಾಯ, ಅನ್ನ-ಉಪ್ಪಿನಕಾಯಿ ಇಳಿಯುವಷ್ಟು ಬೇರೇನೂ ಗಂಟಲಲ್ಲಿ ಇಳಿಯದು. ಉಪ್ಪಿನಕಾಯಿಯ ಮುಚ್ಚಳವನ್ನು ಕಲ್ಪಾದಲ್ಲಿ ಒಮ್ಮೆ ತೆರೆದು ಮುಚ್ಚಿ. ಒಳಗಿನ ಗಾಳಿ ಹಿಗ್ಗಿ ಎಣ್ಣೆ ಬಟ್ಟೆಗೆಲ್ಲ ಹರಿದೀತು.

ಕಾಜಾದಲ್ಲಿ ಎಟಿಎಂ ಇದೆ, ಹಣ ಇರುತ್ತದೆಂದು ಹೇಳಲಾಗದು. ನಗದು ಶಿಮ್ಲಾದಲ್ಲೇ ತೆಗೆಯಿರಿ. ಪೇಟೆ ಬಿಟ್ಟರೆ ಫೋನ್ ಸಿಗ್ನಲ್ ಹೋಗುತ್ತದೆ, ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ದಿನಗಳ ಲೆಕ್ಕ

ಮೊದಲ ರಾತ್ರಿ ಶಿಮ್ಲಾ ಅಥವಾ ನಾರ್ಕಂಡಾ. ಎರಡನೆಯದು ಸಾಂಗ್ಲಾ, ಮೂರನೆಯದು ಕಲ್ಪಾ, ಎರಡೂ 3,000 ಮೀಟರಿನ ಒಳಗೆ. ನಾಲ್ಕನೆಯ ದಿನ ಉದ್ದದ ದಿನ: ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುವ ಜಾಗದಿಂದ ದಾರಿ ಸುತ್ತಿ ಸುತ್ತಿ ನಾಕೋಗೆ ಏರುತ್ತದೆ. ನಾಕೋ 3,600 ಮೀಟರ್ ದಾಟಿದ ಊರು, ಅಲ್ಲಿ ಊಟ ಮಾಡಿ 3,280 ಮೀಟರಿನ ತಾಬೋಗೆ ಇಳಿದು ಮಲಗಿ. ನಾಕೋದಲ್ಲೇ ಉಳಿಯೋಣ ಎಂದರೆ ಒಪ್ಪಬೇಡಿ. ತಾಬೋ ಗೊಂಪಾ (ಬೌದ್ಧ ಮಠ) ಕ್ರಿ.ಶ. 996ರದ್ದು, ಮಣ್ಣಿನ ಗೋಡೆಯ ಮೇಲೆ ಚಿತ್ರಗಳಿವೆ. ಒಳಗೆ ಬೆಳಕು ಕಡಿಮೆ, ಫೋಟೋ ತೆಗೆಯುವಂತಿಲ್ಲ. ಟಾರ್ಚ್ ಹಿಡಿದು ನಿಧಾನ ನೋಡಿ.

ಐದನೆಯ ದಿನ 47 ಕಿಲೋಮೀಟರ್ ದೂರದ ಕಾಜಾ, ನಡುವೆ ಧಂಕರ್. ಕಾಜಾದಲ್ಲಿ ಮೂರು ರಾತ್ರಿ ಬೇಕು. ಒಂದು ದಿನ ಕೀ ಗೊಂಪಾ, ಕಿಬ್ಬರ್, ಚಿಚಮ್ ಸೇತುವೆ. ಇನ್ನೊಂದು ದಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್. ಹಿಕ್ಕಿಂನ ಅಂಚೆ ಕಚೇರಿಯಿಂದ ಮನೆಗೆ ಕಾರ್ಡು ಹಾಕುವುದಾದರೆ ವಿಳಾಸ, ಪಿನ್ ಕೋಡ್ ಬರೆದಿಟ್ಟುಕೊಂಡು ಹೋಗಿ. ಎದುರು ಸಿಕ್ಕವರಿಗೆ 'ಜುಲೇ' ಎನ್ನಿ, ನಮಸ್ಕಾರಕ್ಕೂ ಧನ್ಯವಾದಕ್ಕೂ ಅದೇ ಮಾತು.

ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಒಣ ಕಕ್ಕಸು ಇರುತ್ತದೆ: ಮಣ್ಣಿನ ನೆಲದಲ್ಲಿ ಒಂದು ತೂತು, ಮೂಲೆಯಲ್ಲಿ ಒಣಮಣ್ಣಿನ ರಾಶಿ, ಸಲಿಕೆ. ಬಕೆಟ್ ನೀರು ಹೊಯ್ಯುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ನೀರು ಬಿದ್ದರೆ ಗೊಬ್ಬರ ಆಗಬೇಕಾದ್ದು ಕೊಳೆತು ನಾರುತ್ತದೆ. ಅದು ಅವರ ಬಟಾಣಿ, ಬಾರ್ಲಿ ಗದ್ದೆಗೆ ಹೋಗಬೇಕಾದ ಗೊಬ್ಬರ. ಒಂದು ಸಲಿಕೆ ಮಣ್ಣು ಹಾಕಿ ಬನ್ನಿ.

ಕುಂಜುಂ ದಾಟುವ ದಿನ

ಎಂಟನೆಯ ದಿನ ಬೆಳಗ್ಗೆ ಆರಕ್ಕೆ ಕಾಜಾ ಬಿಡಿ. ಹಿಂದಿನ ಸಂಜೆ ದಾರಿ ತೆರೆದಿದೆಯೇ ಎಂದು ಪೊಲೀಸರಲ್ಲೂ, ಮನಾಲಿಯಿಂದ ಬಂದ ಡ್ರೈವರ್‌ಗಳಲ್ಲೂ ವಿಚಾರಿಸಿ. ಚಂದ್ರತಾಲ್‌ನಲ್ಲಿ ಸರೋವರದ ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪ್‌ಗಳು ದೂರದಲ್ಲಿವೆ. ಕಾಜಾದಲ್ಲಿ ಮೂರೂ ರಾತ್ರಿ ಚೆನ್ನಾಗಿ ಮಲಗಿದವರು ಮಾತ್ರ ಅಲ್ಲಿ ಉಳಿಯಿರಿ. ಉಳಿದವರು ನೋಡಿ ಇಳಿಯುವುದು ಒಳ್ಳೆಯದು. 2023ರ ಜುಲೈಯಲ್ಲಿ ಅಕಾಲದ ಹಿಮ ಬಿದ್ದು ಮುನ್ನೂರರಷ್ಟು ಪ್ರವಾಸಿಗರು ಅಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಮೋಡ ಕವಿದು ಹಿಮ ಉದುರತೊಡಗಿದರೆ ಕಾಯದೆ ಹೊರಡಿ.

ಬಾತಲ್‌ನಿಂದ ಗ್ರಾಂಫೂವರೆಗೆ ದಾರಿಗೆ ಅಡ್ಡ ಹರಿಯುವ ತೋಡುಗಳಿವೆ, ಅಲ್ಲಿಯವರು ನಾಲಾ ಎನ್ನುತ್ತಾರೆ. ನಮ್ಮ ತೋಡು ಮಳೆ ಬಂದರೆ ಏರುತ್ತದೆ, ಅಲ್ಲಿಯದ್ದು ಬಿಸಿಲು ಬಂದರೆ. ಮೇಲಿನ ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಬಂದು ಮುಟ್ಟುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನಾಲಾ ಮೂರು ಗಂಟೆಗೆ ಚಕ್ರದ ನಡುವಿಗೆ ಬಂದಿರುತ್ತದೆ, ಅಡಿಯಲ್ಲಿ ಕಲ್ಲು ಉರುಳುವ ಸದ್ದು ಕೇಳುತ್ತದೆ. ಮುಂದಿನ ಗಾಡಿ ದಾಟಿ ಆಚೆ ಮುಟ್ಟಿದ ಮೇಲೆಯೇ ನಿಮ್ಮದು ಇಳಿಯಲಿ. ಫಸ್ಟ್ ಗೇರ್, ಒಂದೇ ಹದದ ಆಕ್ಸಿಲರೇಟರ್, ನಡುವೆ ಗೇರ್ ಬದಲಿಸಬಾರದು, ಕ್ಲಚ್ ಒತ್ತಬಾರದು. ನಡುನೀರಿನಲ್ಲಿ ಎಂಜಿನ್ ನಿಂತರೆ ಸೈಲೆನ್ಸರಿನೊಳಗೆ ನೀರು ನುಗ್ಗುತ್ತದೆ. ನೀರು ಬಾನೆಟ್ ಮಟ್ಟಕ್ಕೆ ಬಂದಿದ್ದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಹಗ್ಗ ಕಟ್ಟಿ ಎಳೆಸಿ. ಆಚೆ ಹತ್ತಿದ ಕೂಡಲೇ ನಿಧಾನ ಹೋಗುತ್ತಾ ಎರಡು-ಮೂರು ಸಲ ಬ್ರೇಕ್ ಒತ್ತಿ ಒಣಗಿಸಬೇಕು. ಡ್ರೈವರ್ ಇದನ್ನು ಮರೆತರೆ ನೆನಪಿಸಿ, ಮುಂದೆ ಇಳಿಜಾರು ಇದೆ.

ಅಟಲ್ ಸುರಂಗದ 9 ಕಿಲೋಮೀಟರ್ ದಾಟಿದರೆ ಮನಾಲಿ. ಊರಿಗೆ ಮರಳುವ ರೈಲಿನ ಟಿಕೆಟನ್ನು ಮನಾಲಿ ಮುಟ್ಟುವ ದಿನಕ್ಕಿಂತ ಎರಡು ದಿನ ಬಿಟ್ಟು ಮಾಡಿಸಿರಿ. ನಾಲಾ ಏರಿದರೆ ಒಂದು ದಿನ, ಗುಡ್ಡ ಜರಿದರೆ ಇನ್ನೊಂದು ದಿನ.